ಅಣ್ಣನ ಪಟ್ಟೆಮಣೆ

ನಮ್ಮ ಮನೆಯ ಸಾಮಾನು ಯಾವುದೂ ನಮ್ಮ ಮನೆಯಲ್ಲಿರುವುದಿಲ್ಲ. ಒರಳುಕಲ್ಲು ಒಂದಿದೆ, ಅದೂ ನೆಲದಲ್ಲಿ ಹೂತಿರುವುದರಿಂದ. ಮಿಕ್ಕಂತೆ ದೊಡ್ಡ ಹಂಡೆ ಯಾರದೋ ಮನೆಯ ತಿಥಿಗೆ ಹೋಗಿರುತ್ತದೆ, ಏಣಿ ಯಾರದೋ ಸೂರಿಗೆ ಒರಗಿರುತ್ತದೆ, ಶಾವಿಗೆ ಒರಳು ವರ್ಷಕ್ಕೊಮ್ಮೆ ಬಂದು ಮುಖ ತೋರಿಸಿ ಮತ್ತೆ ಹೊರಡುತ್ತದೆ. "ಈ ಮನೇಲಿ ನಾನೊಬ್ಬ ಉಳ್ಕೊಂಡಿದೀನಿ, ಯಾರೂ ಕೇಳಿಲ್ಲ ಅಂತ ಕಾಣುತ್ತೆ" ಎಂದು ನಮ್ಮ ಯಜಮಾನರು ಆಗಾಗ ಅನ್ನುತ್ತಾರೆ. ಅದೂ ಪೂರ್ತಿ ನಿಜವಲ್ಲ. ರಾಗಿ ಒಕ್ಕಣೆಗೆ ಆಳು ಸಾಲದೆಂದು ಮೇಲಿನ ಬೀದಿಯವರು ಬಂದು ಕೇಳಿದ್ದರು. ಯಜಮಾನರು ಸ್ನಾನ ಮುಗಿಸಿ ಈಚೆಗೆ ಬರುವಷ್ಟರಲ್ಲಿ ನಾನು ಆಗಲೆಂದು ಹೇಳಿ ಕಳಿಸಿಬಿಟ್ಟಿದ್ದೆ. ಕೇಳಿದವರಿಗೆ ಇಲ್ಲ ಅನ್ನಲು ನನಗೆ ಬರುವುದಿಲ್ಲ. ಇದನ್ನು ಒಳ್ಳೆಯ ಗುಣ ಅನ್ನುವವರಿದ್ದಾರೆ. ಹಾಗೆ ಅನ್ನುವವರೆಲ್ಲ ಏನಾದರೊಂದನ್ನು ಒಯ್ದವರೇ. ಹಂಡೆ ಏಣಿ ಹೋದರೆ ನನಗೇನೂ ಅನಿಸುವುದಿಲ್ಲ, ನಿಜ ಹೇಳುತ್ತೇನೆ. ಆದರೆ ಒಡಹುಟ್ಟಿದ ಅಣ್ಣ ಸಮುದ್ರದ ಆಚೆಯಿಂದ ಹೆಗಲ ಮೇಲೆ ಹೊತ್ತು ತಂದ ಮರದ ಮಣೆ, ಅವನು ಕೂರುವುದಕ್ಕೆಂದೇ ಮಾಡಿಸಿದ್ದು, ಅದನ್ನೂ ಊರಿನವರಿಗೆ ಕೊಟ್ಟು ಕೂತವಳು ನಾನು. ಈ ಮಾತನ್ನು ಯಾರ ಹತ್ತಿರವಾದರೂ ಹೇಳಿಕೊಳ್ಳದೆ ಅನ್ನ ಇಳಿಯುವುದಿಲ್ಲ ಅನ್ನುವ ಹಾಗಾಗಿದೆ. ನಮ್ಮ ಸಾಸಲು ಕಡೆಯಲ್ಲಿ ಎಲ್ಲರೂ ಈಗಾಗಲೇ ಕೇಳಿ ಮುಗಿಸಿದ್ದಾರೆ. ನೀವು ಸಿಕ್ಕಿದ್ದೀರಿ.

ಮಣೆಯ ಮಾತು ತಿಳಿಯಬೇಕಾದರೆ ನಮ್ಮ ದೊಡ್ಡಪ್ಪನ ಮನೆಯ ಊಟದ ಪಡಸಾಲೆ ತಿಳಿಯಬೇಕು. ಅಪ್ಪ ಅಮ್ಮ ಇಬ್ಬರೂ ನಾವು ಸಣ್ಣವರಿರುವಾಗಲೇ ಹೋದರು. ಅಣ್ಣ ಕೆಂಪಣ್ಣನೂ ನಾನೂ ಬೆಳೆದದ್ದು ದೊಡ್ಡಪ್ಪನ ಮನೆಯಲ್ಲಿ. ದೊಡ್ಡಪ್ಪ ಕೆಟ್ಟವರಲ್ಲ. ಹೊಟ್ಟೆ ತುಂಬ ಮುದ್ದೆ ಹಾಕಿದರು, ನನ್ನನ್ನು ಅಕ್ಷರ ಕೂಡಿಸಿ ಓದುವವರೆಗೂ ಸ್ಕೂಲಿಗೆ ಕಳಿಸಿದರು, ಸಾಲದ್ದಕ್ಕೆ ಮದುವೆಯನ್ನೂ ಮಾಡಿದರು. ಆದರೆ ಆ ಮನೆಯಲ್ಲಿ ಮಣೆಗಳು ಇದ್ದದ್ದೇ ಮೂರು. ಒಂದು ದೊಡ್ಡಪ್ಪನಿಗೆ, ಎರಡು ಅವರ ಇಬ್ಬರು ಗಂಡುಮಕ್ಕಳಿಗೆ. ಅಣ್ಣ ಆ ಸಾಲಿನ ಕೊನೆಯಲ್ಲಿ, ಕೊಟ್ಟಿಗೆಯ ಬಾಗಿಲ ಹತ್ತಿರ, ಬರೀ ನೆಲದ ಮೇಲೆ ಕೂರುತ್ತಿದ್ದ. ಇನ್ನೊಂದು ಮಣೆ ಮಾಡಿಸಬಾರದೆಂದು ಯಾರೂ ತೀರ್ಮಾನ ಮಾಡಿರಲಿಲ್ಲ. ಮಾಡಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಅಷ್ಟೆ. ಹೆಣ್ಣುಮಕ್ಕಳಾದ ನಾವು ಕೊನೆಗೆ ಒಲೆಯ ಮುಂದೆ ಕೂತು ಉಣ್ಣುವವರು, ನಮಗೆ ಮಣೆಯ ಯೋಚನೆಯೇ ಇರಲಿಲ್ಲ. ಒಂದು ದಿನ ಹಿರಿಯ ಮಗ ಸಂತೆಗೆ ಹೋಗಿದ್ದಾಗ ಅಣ್ಣ ಅವನ ಮಣೆಯ ಮೇಲೆ ಕೂತ. ಮುದ್ದೆ ಅರ್ಧ ಮುಗಿದಿರುವಾಗ ಹಿರಿಯ ಮಗ ಬಂದುಬಿಟ್ಟ. ಯಾರೂ ಏಳು ಅನ್ನಲಿಲ್ಲ. ಅಣ್ಣನೇ ತಟ್ಟೆ ಹಿಡಿದುಕೊಂಡು ಎದ್ದು ತನ್ನ ಜಾಗಕ್ಕೆ ಹೋಗಿ ಕೂತು ಮಿಕ್ಕದ್ದನ್ನು ಉಂಡ. ಬಡಿಸುತ್ತಿದ್ದವಳು ನಾನು. ಅವನ ತಟ್ಟೆಗೆ ಸೊಪ್ಪಿನ ಸಾರು ಹೆಚ್ಚಾಗಿ ಸುರಿದೆ. ನನ್ನ ಕೈಲಿ ಆದದ್ದು ಅದೊಂದೇ.

ನನ್ನ ಮದುವೆಯಾದ ಮೇಲೆ ಅಣ್ಣ ಯಾರೋ ಮೇಸ್ತ್ರಿಯ ಜೊತೆ ಅಂಡಮಾನಿಗೆ ಹೊರಟುಹೋದ. ಅಲ್ಲೊಂದು ಸಾಮಿಲ್ಲು. ಕಾಡಿನಿಂದ ಬಂದ ದಿಮ್ಮಿಗಳ ತುದಿಗೆ ಸುತ್ತಿಗೆಯಿಂದ ನಂಬರು ಒತ್ತುವುದು ಅವನ ಕೆಲಸ. ಮದರಾಸಿನಿಂದ ಹಡಗು ಹತ್ತಬೇಕು. ಹಡಗು ನಮ್ಮ ದೊಡ್ಡಬಳ್ಳಾಪುರದ ಬಸ್ಸಿನ ಹಾಗಲ್ಲ, ಕೈ ತೋರಿಸಿದರೆ ನಿಲ್ಲುವುದಿಲ್ಲ. ಒಂದು ತಪ್ಪಿದರೆ ಇನ್ನೊಂದಕ್ಕೆ ವಾರಗಟ್ಟಲೆ ಕಾಯಬೇಕು, ಅಷ್ಟರಲ್ಲಿ ಕೆಲಸ ಹೋಗಿರುತ್ತದೆ. ಹೀಗಾಗಿ ಅವನು ಬಂದದ್ದೇ ಅಪರೂಪ. ಮೊದಲ ಸಲ ಬಂದಾಗ ಗೋಣಿತಾಟಿನಲ್ಲಿ ಸುತ್ತಿದ ಒಂದು ಉದ್ದನೆಯ ಗಂಟನ್ನು ಬಸ್‌ಸ್ಟಾಪಿನಿಂದ ಹೊತ್ತುಕೊಂಡು, ಒಂದು ಕಡೆಗೆ ವಾಲಿಕೊಂಡು ನಡೆದು ಬಂದ. ನನ್ನ ಮಕ್ಕಳು ಸಮುದ್ರದ ಕಡೆಯ ತಿಂಡಿಯೇನೋ ಎಂದು ಸುತ್ತ ನಿಂತಿದ್ದವು. ಬಿಚ್ಚಿದರೆ ಒಂದು ಹಲಗೆ! ಮಕ್ಕಳು ಅಲ್ಲಿಂದಲೇ ಬೀದಿಗೆ ಓಡಿದವು.

ಹಲಗೆ ಅಂದೆನಲ್ಲ, ಅಂಥ ಹಲಗೆ ನಮ್ಮ ಕಡೆಯವರು ಕಂಡಿದ್ದಿಲ್ಲ. ಬೂದು ಬಣ್ಣದ ಮೈ, ಅದರ ಮೇಲೆ ಉದ್ದಕ್ಕೂ ಕಪ್ಪು ಪಟ್ಟೆಗಳು. ಗೆರೆ ಎಳೆದ ಹಾಗೆ ನೇರವಾದ ಪಟ್ಟೆಗಳಲ್ಲ. ಉತ್ತ ಹೊಲದ ಸಾಲು ಬಂಡೆ ಅಡ್ಡ ಬಂದಲ್ಲಿ ಬಳಸಿಕೊಂಡು ಹೋಗುತ್ತದಲ್ಲ, ಹಾಗೆ ಒಂದೊಂದು ಕಡೆ ಬಾಗಿ ಮತ್ತೆ ಕೂಡಿಕೊಳ್ಳುತ್ತಿದ್ದವು. ಪಕ್ಕದ ಮನೆಯ ಪಿಳ್ಳಮ್ಮ ಬಣ್ಣ ಬಳಿದಿದ್ದಾರೆಂದು ಉಗುರಿನಿಂದ ಕೆರೆದು ನೋಡಿದಳು, ಉಗುರೇ ಮುರಿಯಿತು. ಯಜಮಾನರು ಅದನ್ನು ಎತ್ತುಗಳ ನೀರಿನ ತೊಟ್ಟಿಗೆ ಬಿಟ್ಟರು. ಚಪ್ಪಡಿ ಕಲ್ಲಿನ ಹಾಗೆ ತಳ ಸೇರಿತು. "ಮುಳುಗೋ ಮರ ಯಾವ ಸೀಮೆ ಮರ ಭಾವಾ? ಇದರಲ್ಲಿ ದೋಣಿ ಮಾಡಿದ್ರೆ ಏನು ಗತಿ?" ಎಂದರು. "ದೋಣಿ ಮಾಡಲ್ಲಪ್ಪ. ಇಂಗ್ಲಿಷಿನೋರು ಇದಕ್ಕೆ ಹಾಲುಗಲ್ಲಿನ ಹೆಸರು, ಅದೇ ಮಾರ್ಬಲ್ ಅಂತಾರಲ್ಲ, ಅದನ್ನ ಇಟ್ಟವ್ರೆ. ಅವರ ಕಾಲದಲ್ಲಿ ದೊರೆಗಳ ಊರುಗೋಲು, ಬ್ರಷ್ಷಿನ ಬೆನ್ನು, ಪಟದ ಕಟ್ಟು, ಚಾಕು ಹಿಡಿ ಎಲ್ಲ ಇದರಲ್ಲೇ ಅಂತೆ. ಗೆದ್ದಲು ಮೂಸಿ ನೋಡಿ ವಾಪಸ್ ಹೋಗ್ತದೆ" ಎಂದು ಅಣ್ಣ ವಿವರಿಸಿದ. ಬೇಗ ಒಣಗಿಸಿದರೆ ಸೀಳು ಬಿಡುತ್ತದೆಂದು ಅದರ ಎರಡು ತುದಿಗೂ ಮೇಣ ಬಳಿದು, ವರ್ಷಗಟ್ಟಲೆ ತನ್ನ ಮಂಚದ ಕೆಳಗೆ ನೆರಳಲ್ಲಿ ಇಟ್ಟಿದ್ದನಂತೆ. ಸಾಮಿಲ್ಲಿನವರು ಬೇಡವೆಂದು ಬಿಟ್ಟ ತುಂಡನ್ನು ಕೇಳಿ ಪಡೆದದ್ದಂತೆ. ಯಜಮಾನರು ಎದ್ದು ಹೋದ ಮೇಲೆ ಗೋಡೆಯ ಕಡೆ ನೋಡುತ್ತ ಹೇಳಿದ: "ನಂಜಿ, ಇದರಲ್ಲಿ ಒಂದು ಮಣೆ ಮಾಡ್ಸಿಡು. ನಾನು ಬಂದಾಗ ನಿನ್ ಮನೇಲಿ ಕೂತ್ಕೊಂಡು ಉಣ್ಣೋಕೆ." ಆಚಾರಿಗೆ ಹೇಳಿ ಕಳಿಸುವಷ್ಟರಲ್ಲಿ ಅವನ ಹಡಗಿನ ದಿನ ಬಂದುಬಿಟ್ಟಿತು.

ವೀರಾಚಾರಿ ನಮ್ಮೂರಿಗೂ ದೊಡ್ಡಪ್ಪನ ಊರಿಗೂ ಒಬ್ಬರೇ ಆಚಾರಿ. ನೇಗಿಲು, ನೊಗ, ತೊಟ್ಟಿಲು ಎಲ್ಲ ಅವರದೇ ಕೈ. ಆ ಹಲಗೆಯ ಮೇಲೆ ಉಜ್ಜುಗೊರಡು ಇಟ್ಟ ಹೊತ್ತಿನಿಂದ ಅವರಿಗೂ ನಮಗೂ ಸ್ನೇಹ ಕೆಡುತ್ತ ಬಂತು. ಈ ಕಡೆಯಿಂದ ಉಜ್ಜಿದರೆ ಆ ಕಡೆ ಚಕ್ಕೆ ಏಳುತ್ತದೆ, ಆ ಕಡೆಯಿಂದ ಉಜ್ಜಿದರೆ ಈ ಕಡೆ. ಉಳಿ ಮಸೆಯುವುದಕ್ಕೇ ಅರ್ಧ ದಿನ. ಮೊಳೆ ಹೊಡೆದರೆ ಮೊಳೆ ಸೊಟ್ಟಗಾಗಿ ಆಚಾರಿಯ ಮುಖ ನೋಡುತ್ತಿತ್ತು. "ನಂಜಮ್ಮ, ಕೆಂಪಣ್ಣಂಗೆ ನನ್ಮೇಲೆ ಏನು ಸಿಟ್ಟು ಅಂತ ಕೇಳಿ ಬರಿಯವ್ವ. ನಾನು ಅವನಿಗೆ ಚಿಣ್ಣಿಕೋಲು ಮಾಡಿಕೊಟ್ಟಿದ್ದೆ ಚಿಕ್ಕೋನಾಗಿದ್ದಾಗ" ಎಂದರು. ಕೊನೆಗೆ ಮೊಳೆಯ ಹಂಗು ಬಿಟ್ಟು, ತೂತು ಕೊರೆದು ಮರದ ಗೂಟದಲ್ಲೇ ಕಾಲು ಕೂರಿಸಿದರು. ಒಡೆದ ಗಾಜಿನಿಂದ ಹೆರೆದು, ಹರಳೆಣ್ಣೆ ಹಾಕಿ ಬಟ್ಟೆಯಿಂದ ತಿಕ್ಕಿದರು. ತಿಕ್ಕಿದ ಹಾಗೆಲ್ಲ ಪಟ್ಟೆಗಳು ಒಳಗಿನಿಂದ ಮೇಲೆ ಬಂದವು. ಆಚಾರಿ ಬೈಯುವುದನ್ನು ನಿಲ್ಲಿಸಿ ಸುಮ್ಮನೆ ತಿಕ್ಕತೊಡಗಿದರು. ಉಳಿದ ಚೂರಿನಲ್ಲಿ ತಮ್ಮ ಉಳಿಗೊಂದು ಹಿಡಿ, ನನಗೊಂದು ಮುದ್ದೆ ತೊಳಸುವ ಕೋಲು ಮಾಡಿದರು. ಆ ಕೋಲಿನಲ್ಲಿ ತೊಳಸಿದರೆ ಮುದ್ದೆ ಗಂಟು ಕಟ್ಟುವುದಿಲ್ಲವೆಂದು ಊರಲ್ಲಿ ಸುದ್ದಿಯಾಯಿತು. ಗಂಟು ಕಟ್ಟದಿರುವುದು ನನ್ನ ಕೈಯಿಂದ, ಕೋಲಿನಿಂದಲ್ಲ ಎಂದು ನಾನು ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಕೋಲು ಹೋಯಿತು. ಈಗ ಎಲ್ಲಿದೆಯೋ.

ಮಣೆಯನ್ನು ಮಾತ್ರ ಕೊಡಬಾರದೆಂದು ಗಟ್ಟಿ ಮನಸ್ಸು ಮಾಡಿ ಒಳಗೆ ಗೋಡೆಗೆ ಒರಗಿಸಿಟ್ಟಿದ್ದೆ. ನಮ್ಮ ಮಕ್ಕಳಿಗೂ ಕೂರಲು ಬಿಟ್ಟಿರಲಿಲ್ಲ. ಪಿಳ್ಳಮ್ಮನ ಮಗನ ಮದುವೆ ಗೊತ್ತಾಯಿತು. ಹಸೆಗೆ, ಅಂದರೆ ಹೆಣ್ಣುಗಂಡು ಕೂರುವುದಕ್ಕೆ, ಆ ಮಣೆ ಬೇಕೆಂದು ಬಂದಳು. "ಅದು ನಮ್ಮಣ್ಣಂದು, ಆಗಲ್ಲ ಪಿಳ್ಳಕ್ಕ" ಎಂದೆ. ನೋಡಿ, ನಾನೂ ಇಲ್ಲ ಅಂದಿದ್ದೆ. ಪಿಳ್ಳಮ್ಮ ಹೊರಡಲಿಲ್ಲ. ಜಗಲಿಯ ಮೇಲೆ ಕೂತು, "ಅಲ್ಲಾ ನಂಜಮ್ಮ, ನಿಮ್ಮಣ್ಣ ಹೆಂಗವ್ನೆ? ಒಬ್ಬನೇ ಅಂಥಾ ದೂರದಲ್ಲಿ ಊಟಕ್ಕೇನು ಮಾಡ್ಕೋತಾನೆ?" ಎಂದಳು. ಅಣ್ಣ ಹೋದಾಗಿನಿಂದ ಹಾಗೆ ಕೇಳಿದವರು ಒಬ್ಬರೂ ಇರಲಿಲ್ಲ. ನಮ್ಮ ಯಜಮಾನರಿಗೆ ಕೇಳಬೇಕೆಂದು ತೋಚುವುದಿಲ್ಲ, ದೊಡ್ಡಪ್ಪನ ಮನೆಯವರಿಗೆ ನೆನಪಿಗೆ ಬರುವುದಿಲ್ಲ. ನಾನು ಹೇಳಲು ಶುರು ಮಾಡಿದೆ. ಹೇಳಿದೆ, ಹೇಳಿದೆ. ದೀಪ ಹಚ್ಚುವ ಹೊತ್ತಾಯಿತು. ಪಿಳ್ಳಮ್ಮ ಎದ್ದು ಹೋದ ಮೇಲೆ ಗೋಡೆ ನೋಡಿದರೆ ಮಣೆ ಇಲ್ಲ. ನಾನೇ ಎತ್ತಿ ಅವಳ ಸೊಂಟಕ್ಕೆ ಕೊಟ್ಟಿದ್ದೆ.

ಆಮೇಲೆ ಜನ ಸುಳಿವು ಹಿಡಿದುಬಿಟ್ಟರು. ಹಸೆಗೆ ಬೇಕು, ನಾಮಕರಣಕ್ಕೆ ಬೇಕು, ಸೀಮಂತಕ್ಕೆ ಬೇಕು. ಬಂದವರು ಮಣೆಯ ಮಾತೆತ್ತುತ್ತಿರಲಿಲ್ಲ. "ಅಣ್ಣಯ್ಯ ಹೆಂಗವ್ರಮ್ಮ?" ಎನ್ನುತ್ತ ಎಲೆಅಡಿಕೆ ಬಿಚ್ಚಿ, ಗೋಡೆಗೆ ಒರಗಿ, ಕಾಲು ನೀಡಿ ಕೂರುತ್ತಿದ್ದರು. ಪಟ್ಟೆ ಇರುವುದರಿಂದ ಅದಕ್ಕೆ ಹುಲಿಮಣೆ ಎಂದು ಹೆಸರಾಯಿತು. ಆ ಮಣೆಯ ಮೇಲೆ ಹಸೆಗೆ ಕೂತವರು ಜಗಳವಾಡುವುದಿಲ್ಲವೆಂದು ಯಾರೋ ಹಬ್ಬಿಸಿದರು. ಪಿಳ್ಳಮ್ಮನ ಮಗ ಸೊಸೆ ಪಕ್ಕದ ಮನೆಯಲ್ಲೇ ಇದ್ದುದರಿಂದ ಅದು ನಿಜವಲ್ಲವೆಂದು ನನಗೆ ದಿನಾ ಕೇಳಿಸುತ್ತಿತ್ತು. "ನೀನು ಬಾಡಿಗೆ ಇಸ್ಕೊಳಲ್ಲ ಅಂತಾರೆ ಜನ. ಒಂದೊಂದು ಮಣೆಗೆ ಅರ್ಧರ್ಧ ದಿನ ಕಿವಿ ಇಸ್ಕೋತೀಯಲ್ಲೇ!" ಎಂದು ಯಜಮಾನರು ನಗುತ್ತಿದ್ದರು. ಕಷ್ಟವೇನೆಂದರೆ ಹೇಳಲು ನನ್ನ ಹತ್ತಿರ ಹೆಚ್ಚು ಇರಲಿಲ್ಲ. ಅಣ್ಣ ಬರೆಯುತ್ತಿದ್ದದ್ದು 'ಕ್ಷೇಮ, ಇಲ್ಲಿ ಮಳೆ ಜಾಸ್ತಿ' ಇಷ್ಟೇ. ಅದನ್ನು ಎಷ್ಟು ಎಳೆದರೂ ಒಂದು ಸೀಮಂತಕ್ಕೆ ಸಾಲುತ್ತಿರಲಿಲ್ಲ. ಹೀಗಾಗಿ ನಾನು ಅಲ್ಲಲ್ಲಿ ಸ್ವಲ್ಪ ಸೇರಿಸಿದೆ. ಅಲ್ಲಿ ಆನೆಗಳು ದಿಮ್ಮಿ ಎಳೆಯುತ್ತವೆಂದು ಅವನೇ ಹೇಳಿದ್ದು ನಿಜ. ಆ ಆನೆಗಳು ನಮ್ಮಣ್ಣನ ಮಾತನ್ನು ಮಾತ್ರ ಕೇಳುತ್ತವೆ ಅನ್ನುವುದು ಒಂದು ನಾಮಕರಣದ ಹೊತ್ತಿಗೆ ಸೇರಿಕೊಂಡಿತು. ಅವನಿಗೆ ಕನ್ನಡದಲ್ಲಿ ಮಾತಾಡಲು ಯಾರೂ ಇಲ್ಲದೆ ಆನೆಗಳ ಹತ್ತಿರವೇ ಮಾತಾಡುತ್ತಾನೆ ಅನ್ನುವುದು ಆಮೇಲೆ. ಅದನ್ನು ಹೇಳುವಾಗ ನನಗೇ ಅಳು ಬಂತು. ಆ ದಿನ ಮಣೆ ಬೇಗ ಹೋಯಿತು.

ಹೀಗಿರುವಾಗ ಒಂದು ಉರಿಬಿಸಿಲಿನ ಮಧ್ಯಾಹ್ನ ಅಣ್ಣ ಹೇಳದೆ ಕೇಳದೆ ಬಂದು ಬಾಗಿಲಲ್ಲಿ ನಿಂತ. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಕಾಲು ತೊಳೆದ, ನೀರು ಕುಡಿದ, ಮಕ್ಕಳು ಬೆಳೆದಿದ್ದನ್ನು ನೋಡಿ ತಲೆ ಸವರಿದ. ಆಮೇಲೆ ಅವನ ಕಣ್ಣು ಗೋಡೆಯ ಉದ್ದಕ್ಕೂ ಹೋಯಿತು. "ಆಚಾರಿ ಮಾಡ್ಕೊಟ್ರಾ?" ಎಂದ. "ಮಾಡಿದ್ರು ಅಣ್ಣಾ. ಕನ್ನಡಿ ಹಂಗೈತೆ" ಎಂದೆ. "ಎಲ್ಲಿ?" ಎಂದ. ನಮ್ಮ ಯಜಮಾನರು ಎಂಥ ಹೊತ್ತಿನಲ್ಲೂ ಒಂದು ತಮಾಷೆ ಮಾಡದೆ ಬಿಡುವವರಲ್ಲ. ಆ ಹೊತ್ತಿನಲ್ಲಿ ಎದ್ದು ಎತ್ತುಗಳಿಗೆ ಹುಲ್ಲು ಹಾಕಲು ಹೋದರು. ಎತ್ತುಗಳ ಮುಂದೆ ಆಗಲೇ ಹುಲ್ಲಿತ್ತು.

"ದೊಡ್ಡಬಳ್ಳಾಪುರಕ್ಕೆ ಹೋಗೈತೆ, ನಾಳೆ ಬರುತ್ತೆ" ಎಂದೆ. ಅಣ್ಣನ ಮುಖದಲ್ಲಿ ಏನೂ ಕಾಣಿಸಲಿಲ್ಲ. ಅದೇ ನನಗೆ ಕಷ್ಟವಾದದ್ದು. ರಾತ್ರಿ ಊಟಕ್ಕೆ ಹೊಸ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದೆ. ಅವನು ಕಂಬಳಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, "ಸೆಖೆ ಕಣೇ" ಎಂದು ನೆಲದ ಮೇಲೆ ಕೂತ. ಮಾರನೆಯ ದಿನ ಮಣೆ ಬರಲಿಲ್ಲ. ಹೇಳಿ ಕಳಿಸಿದೆ. ಅದರ ಮಾರನೆಯ ದಿನವೂ ಬರಲಿಲ್ಲ. ನಾನು ದಿನಾ 'ನಾಳೆ' ಅನ್ನುವುದು, ಅವನು ದಿನಾ 'ಇರಲಿ ಬಿಡು' ಅನ್ನುವುದು. ಕೊನೆಗೆ ಹೊರಡುವ ದಿನ ಹತ್ತಿರವಾದಾಗ ಅವನೇ ಬೆಳಿಗ್ಗೆ ಎದ್ದು, "ನಡಿ ನಂಜಿ, ನಾವೇ ಹೋಗಿ ತರಾನ. ಒಂದು ಹೊತ್ತಾದ್ರೂ ಅದರ ಮೇಲೆ ಕೂತು ಉಂಡು ಹೊರಡ್ತೀನಿ" ಎಂದ. ಚೀಲವನ್ನೂ ಹೆಗಲಿಗೆ ಹಾಕಿಕೊಂಡ. ತರುವುದು ಆಗದೆ ಹೋದರೆ ಅಲ್ಲಿಂದಲೇ ರೈಲಿಗೆ ಹೋಗುವ ಯೋಚನೆ. ನಾನು ಚೀಲವನ್ನು ನೋಡದ ಹಾಗೆ ನಟಿಸಿದೆ.

ದೊಡ್ಡಬಳ್ಳಾಪುರಕ್ಕೆ ನಾಮಕರಣಕ್ಕೆಂದು ಮಣೆ ಒಯ್ದಿದ್ದವಳು ರಂಗಮ್ಮ, ಪಿಳ್ಳಮ್ಮನ ನೆಂಟಳು. ಮನೆಯೊಳಗೆ ಎರಡು ಮಗ್ಗ. ಮಗ್ಗದ ಸದ್ದಿನಲ್ಲಿ ಮಾತಾಡಿ ಮಾತಾಡಿ ಆಕೆಗೆ ಮೆಲ್ಲಗೆ ಮಾತಾಡುವ ಅಭ್ಯಾಸವೇ ತಪ್ಪಿಹೋಗಿತ್ತು. "ಇವ್ರಾ? ಆನೆ ಮಾತಾಡ್ಸೋ ಅಣ್ಣಯ್ಯ ಇವ್ರೇನಾ?" ಎಂದು ಬೀದಿಗೆಲ್ಲ ಕೇಳಿಸುವಂತೆ ಕೂಗಿದಳು. ಅಣ್ಣ ನನ್ನ ಕಡೆ ನೋಡಿದ. ನಾನು ಮಗ್ಗದ ಕಡೆ ನೋಡಿದೆ. "ಹಡಗಲ್ಲಿ ದಾರಿ ಉದ್ದಕ್ಕೂ ವಾಂತಿ ಅಂತಲ್ಲಣ್ಣಾ? ನಿಂಬೆಹಣ್ಣು ಇಟ್ಕೋಬಾರ್ದಾ? ತೊಡೇಲಿ ಒಂದು ಕುರು ಎದ್ದಿತ್ತಂತಲ್ಲಾ, ಅದು ವಾಸಿ ಆಯ್ತಾ?" ಎಂದು ವಿಚಾರಿಸಿದಳು. ಮಗ್ಗದ ಮುಂದೆ ಕೂತಿದ್ದ ಗಂಡಸರು ಕೆಲಸ ನಿಲ್ಲಿಸಿ ಉತ್ತರಕ್ಕೆ ಕಾದರು. "ವಾಸಿ ಆಯ್ತವ್ವ" ಎಂದ ಅಣ್ಣ, ಕಿವಿಯೆಲ್ಲ ಕೆಂಪಾಗಿ. ರಂಗಮ್ಮ ಉಪ್ಪಿಟ್ಟು ತಿನ್ನಿಸದೆ ಬಿಡಲಿಲ್ಲ. ತಿಂದಾದ ಮೇಲೆ ತಿಳಿದದ್ದು: ನಾಮಕರಣ ಮುಗಿದ ಮೇಲೆ ದೇವನಹಳ್ಳಿಯಿಂದ ನೆಂಟರು ಬಂದು ಸೀಮಂತಕ್ಕೆಂದು ಮಣೆ ಒಯ್ದಿದ್ದಾರೆ. "ನೀವು ಬೇಡ ಅನ್ನಲ್ಲ ಅಂತ ಗೊತ್ತಿತ್ತಲ್ಲಮ್ಮ" ಎಂದಳು ನನಗೆ. ಬೇಡ ಅನ್ನುವುದಿಲ್ಲ ಅನ್ನುವುದು ನಮ್ಮ ತಾಲ್ಲೂಕಿನ ಹೊರಗೂ ಗೊತ್ತಿದೆ ಎಂದು ಆಗ ನನಗೆ ಗೊತ್ತಾಯಿತು.

ದೇವನಹಳ್ಳಿಯಲ್ಲಿ ಆ ನೆಂಟರದು ಒಂದು ಚಕ್ಕೋತದ ತೋಟ. ಅದರ ಯಜಮಾನರು ವಯಸ್ಸಾದವರು, ಪಟಪಟನೆ ಮಾತಾಡುವವರು. ಅಣ್ಣ ಯಾರೆಂದು ತಿಳಿಯುತ್ತಲೇ ಎದ್ದು ನಿಂತರು. ಗೌರವಕ್ಕೆಂದುಕೊಂಡೆ, ಎದ್ದದ್ದು ಬೈಯುವುದಕ್ಕೆ. "ಏನಪ್ಪಾ ನೀನು! ಇನ್ನೂ ಮದ್ವೆ ಯಾಕಾಗಿಲ್ಲ? ನಿನ್ ತಂಗಿ ಊರೂರಲ್ಲಿ ಕಣ್ಣೀರು ಹಾಕ್ತಾಳಂತೆ. ಆನೆ ಜೊತೆ ಸಂಸಾರ ಮಾಡ್ತೀಯಾ? ನಮ್ಮ ಚಿಕ್ಕಬಳ್ಳಾಪುರದ ಕಡೆ ಒಂದು ಹೆಣ್ಣೈತೆ, ಸ್ವಲ್ಪ ಮೆಳ್ಳೆಗಣ್ಣು, ಆದ್ರೆ ಮನೆಕೆಲಸದಲ್ಲಿ ಬೆಂಕಿ" ಎಂದರು. ಅಣ್ಣ ಕೈ ಮುಗಿದು ತಪ್ಪಿಸಿಕೊಳ್ಳುವಷ್ಟರಲ್ಲಿ ಸಂಜೆಯಾಯಿತು. ಮಣೆಯೋ, ಅವರ ಸೊಸೆಯ ತವರಿನ ಮದುವೆಗೆಂದು ಹೊಸಕೋಟೆಯ ಆಚೆ ಜಡಿಗೇನಹಳ್ಳಿಗೆ ಹೋಗಿತ್ತು. ಬೆಳಗಾದರೆ ಧಾರೆ. ಅವರ ಮನೆಯಲ್ಲೇ ಮಲಗಿದ್ದು, ಮೊದಲ ಬಸ್ಸಿಗೆ ಒಂದೊಂದು ಚಕ್ಕೋತ ಹಿಡಿದುಕೊಂಡು ಹೊರಟೆವು.

ಬಸ್ಸಿನಲ್ಲಿ ಅಣ್ಣ ಚಕ್ಕೋತವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಆಮೇಲೆ, "ನಂಜಿ, ನಾನು ಮರಕ್ಕೆ ನಂಬರು ಹೊಡೆಯೋನು. ಆನೆ ಬಂದ್ರೆ ದಿಮ್ಮಿ ಹಿಂದೆ ಅಡಗಿಕೊಳ್ತೀನಿ" ಎಂದ.

"ಗೊತ್ತು."

"ಮತ್ತೆ?"

"ಮರಕ್ಕೆ ನಂಬರು ಹೊಡೀತಾನೆ ಅಂತ ಎಷ್ಟು ಹೊತ್ತು ಹೇಳೋಕಾಗುತ್ತೆ ಅಣ್ಣಾ?"

ಅಣ್ಣ ನಕ್ಕ. ಚಕ್ಕೋತ ತೊಡೆಯಿಂದ ಜಾರಿ ಬಸ್ಸಿನ ಉದ್ದಕ್ಕೂ ಉರುಳಿ ಡ್ರೈವರನ ಕಾಲ ಹತ್ತಿರ ಹೋಗುವವರೆಗೂ ನಕ್ಕ. ಅವನು ಅಷ್ಟು ನಕ್ಕದ್ದನ್ನು ನಾನು ದೊಡ್ಡಪ್ಪನ ಮನೆಯಲ್ಲಿ ಒಂದು ದಿನವೂ ನೋಡಿರಲಿಲ್ಲ. ಮಣೆ ಸಿಕ್ಕಿದರೆ ಹೆಗಲ ಮೇಲೆ ಹೊತ್ತಾದರೂ ಮನೆಗೆ ಒಯ್ದು, ಅವನನ್ನು ಕೂರಿಸಿ, ಕೈಯಾರೆ ಬಡಿಸಿಯೇ ಕಳಿಸಬೇಕೆಂದು ಆ ಸೀಟಿನಲ್ಲೇ ಶಪಥ ಮಾಡಿದೆ.

ಮಣೆ ಸಿಕ್ಕಿತು. ಚಪ್ಪರದ ನಡುವೆ ಇತ್ತು. ಅದರ ಮೇಲೆ ಹೆಣ್ಣುಗಂಡು ಕೂತಿದ್ದರು. ಗಂಡಿನ ಪಂಚೆಗೂ ಹೆಣ್ಣಿನ ಸೀರೆಗೂ ನಡುವೆ ನಾಲ್ಕು ಪಟ್ಟೆಗಳು ಕಾಣುತ್ತಿದ್ದವು. ಧಾರೆ ಆಗಲೇ ಆಗಿಹೋಗಿತ್ತು. ಅಣ್ಣ ಜನರ ಹಿಂದೆ ನಿಂತು ಆ ನಾಲ್ಕು ಪಟ್ಟೆಗಳನ್ನು ನೋಡಿದ. "ಚೆನ್ನಾಗಿ ಬಂದೈತೆ ಹೊಳಪು" ಎಂದ. ನಾನು ಮದುವೆ ಮನೆಯ ಯಜಮಾನರನ್ನು ಮೂಲೆಗೆ ಕರೆದು ಬಂದ ಕಾರಣ ಹೇಳಿದೆ. ಪಾಪ, ಒಳ್ಳೆಯ ಮನುಷ್ಯರು, ಮುಖ ಸಣ್ಣದು ಮಾಡಿಕೊಂಡರು. "ಏನ್ ಮಾಡ್ಲವ್ವ, ಕಂಕಣ ಬಿಚ್ಚೋವರ್ಗೂ ಹಸೆಮಣೆ ಚಪ್ಪರ ದಾಟಂಗಿಲ್ಲ. ಹೆಣ್ಣುಗಂಡು ಬಿಟ್ಟು ಇನ್ನೊಬ್ರು ಅದರ ಮೇಲೆ ಕೂರಂಗೂ ಇಲ್ಲ. ನಮ್ಮನೆ ಪದ್ಧತಿ. ಆದ್ರೂ ನಿಮ್ಮ ವಸ್ತು, ನೀವು ಹೇಳಿದ್ರೆ ಎಬ್ಬಿಸ್ತೀನಿ" ಎಂದು ನಿಜವಾಗಿಯೂ ಹೆಣ್ಣುಗಂಡಿನ ಕಡೆ ಹೆಜ್ಜೆ ಇಟ್ಟರು. ಹಿಂದೆ ಬಂದು ನಿಂತಿದ್ದ ಅಣ್ಣ ಅವರ ತೋಳು ಹಿಡಿದುಕೊಂಡ. "ಬೇಡಿ. ಕೂತಿರೋರನ್ನ ಎಬ್ಬಿಸಬೇಡಿ" ಎಂದ. ಸಾಮಾನ್ಯವಾಗಿ ಮೆಲ್ಲಗೆ ಮಾತಾಡುವವನು, ಅದನ್ನು ಮಾತ್ರ ಗಟ್ಟಿಯಾಗಿ ಹೇಳಿದ.

ಊಟಕ್ಕೆ ಇನ್ನೂ ಹೊತ್ತಿತ್ತು. ಅಣ್ಣ ಚಪ್ಪರದ ಕಂಬಕ್ಕೆ ಒರಗಿ ಕೂತ. ಅವನ ಪಕ್ಕದಲ್ಲಿ ಮದುವೆ ಹೆಣ್ಣಿನ ಅಜ್ಜಿ ಎಲೆಅಡಿಕೆ ಕುಟ್ಟುತ್ತಿದ್ದಳು. ಅವನು ಯಾರೆಂದು ಆಕೆಗೆ ಯಾರೂ ಹೇಳಿರಲಿಲ್ಲ. ನಾನು ಹೇಳೋಣವೆಂದು ಹೋಗುವಷ್ಟರಲ್ಲಿ ಆಕೆ ಶುರು ಮಾಡಿಬಿಟ್ಟಿದ್ದಳು. "ನೋಡಿದ್ಯೇನಪ್ಪ ಮಣೇನ? ಅದು ನಮ್ದಲ್ಲ. ದೊಡ್ಡಬಳ್ಳಾಪುರದ ಕಡೆ ಒಬ್ಬಾಕೆ ಅವಳೆ. ಅವಳಣ್ಣ ತಂದುಕೊಟ್ಟಿದ್ದು. ದ್ವೀಪದಲ್ಲವ್ನೆ, ಆನೆ ಜೊತೆ."

"ಹೌದಾ ಅಜ್ಜಿ" ಎಂದ ಅಣ್ಣ.

"ಆಯಮ್ಮ ಹಬ್ಬ ಬಂದ್ರೆ ಒಂದು ಎಲೆ ಜಾಸ್ತಿ ಹಾಕ್ತಾಳಂತೆ, ಬಂದ್ರೂ ಬರ್ಬೋದು ಅಂತ. ಸಂಜೆ ಬಸ್ಸಿನ ಸದ್ದಾದ್ರೆ ಮಾಡೋ ಕೆಲಸ ಬಿಟ್ಟು ಬಾಗಿಲಿಗೆ ಬರ್ತಾಳಂತೆ. ಗಂಡ ಬೈದ್ರೆ ಕರು ನೋಡೋಕೆ ಬಂದೆ ಅಂತಾಳಂತೆ. ಅವರ ಮನೇಲಿ ಕರುವೇ ಇಲ್ವಂತೆ!" ಅಜ್ಜಿ ಕುಟ್ಟಾಣಿ ನಿಲ್ಲಿಸಿ ನಕ್ಕಳು. ನಾನು ಕಂಬದ ಹಿಂದೆಯೇ ನಿಂತುಬಿಟ್ಟೆ. ಆನೆಯ ವಿಚಾರವೆಲ್ಲ ನಾನು ಕಟ್ಟಿ ಹೇಳಿದ್ದು. ಇದು ನಾನು ಯಾರಿಗೂ ಹೇಳಿದ್ದಲ್ಲ. ಪಿಳ್ಳಮ್ಮ ಗೋಡೆಯ ಆಚೆಯಿಂದ ನೋಡಿರಬೇಕು. ಮಣೆಯ ಜೊತೆ ಇದೂ ಹೊರಟು ಮೂರು ತಾಲ್ಲೂಕು ದಾಟಿ ಬಂದಿತ್ತು.

"ಬರ್ತಾನೆ ಬಿಡಜ್ಜಿ" ಎಂದ ಅಣ್ಣ, ನೆಲ ನೋಡುತ್ತ.

"ಬರ್ತಾನೆ, ಬರ್ತಾನೆ! ಬಂದ್ರೆ ನಾಕು ದಿನ ಇದ್ದು ಎದ್ದು ಹೋಗ್ತಾನೆ, ಅಂಥೋರ್ನ ನಾನು ಕಾಣೆನಾ? ನಿಂಗೇನಾದ್ರೂ ಸಿಕ್ಕಿದ್ರೆ ನಾನ್ ಹೇಳ್ದೆ ಅಂತ ಎರಡು ಬಿಗಿ" ಎಂದಳು ಅಜ್ಜಿ.

"ಆಗ್ಲಿ" ಎಂದ ಅಣ್ಣ.

ಊಟಕ್ಕೆ ಎಬ್ಬಿಸಿದರು. ಬೀದಿಯಲ್ಲಿ ಉದ್ದಕ್ಕೂ ಎಲೆ ಹಾಕಿದ್ದರು, ಎಲ್ಲರಿಗೂ ನೆಲವೇ. ಅಣ್ಣನೂ ಕೂತ. ನಾನು ಬಡಿಸುವವರ ಕೈಯಿಂದ ಸಾರಿನ ಬಕೆಟ್ಟು ಕಸಿದುಕೊಂಡು ಅವನ ಎಲೆಗೆ ನಾನೇ ಬಡಿಸಿದೆ. ಯಾರ ಮನೆಯ ಮದುವೆಯೋ, ಯಾರ ಅನ್ನವೋ. ಅವನು ಸಾಕೆಂದು ಕೈ ಅಡ್ಡ ಹಿಡಿದ. ಬೆರಳ ಸಂದಿನಲ್ಲೇ ಸುರಿದೆ.

ಹೊಸಕೋಟೆಗೆ ಹೋಗುವ ಬಸ್ಸಿಗೆ ಕಾಯುತ್ತ ರಸ್ತೆ ಬದಿಯ ಹುಣಸೆ ಮರದ ಕೆಳಗೆ ನಿಂತೆವು. ಅಲ್ಲಿಂದ ಅವನು ಬೆಂಗಳೂರಿಗೆ, ರಾತ್ರಿಯ ರೈಲಿಗೆ. ನಾನು ಊರಿಗೆ. "ಮುಂದಿನ ಸಲ ಬಂದಾಗ ಮಣೆ ಮನೇಲಿರುತ್ತೆ ಅಣ್ಣಾ. ಆಣೆ ಇಟ್ಟು ಹೇಳ್ತೀನಿ" ಎಂದೆ. ಅವನು ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ. "ಅಜ್ಜಿ ಹೇಳಿದ್ದು ನಿಜಾನಾ ನಂಜಿ?" ಎಂದ.

"ಆನೆ ವಿಚಾರ ಸುಳ್ಳು ಅಂತ ಹೇಳಿದ್ನಲ್ಲ."

"ಆನೆ ವಿಚಾರ ಅಲ್ಲ."

ಬಸ್ಸು ಬಂತು.

ಕಂಕಣ ಬಿಚ್ಚಿದ ಮೇಲೆ ಜಡಿಗೇನಹಳ್ಳಿಯವರು ಅರಿಶಿನ ಕುಂಕುಮದ ಸಮೇತ ಮಣೆಯನ್ನು ತಾವೇ ತಂದುಕೊಟ್ಟು ಹೋದರು. ತೊಳೆದು, ಹರಳೆಣ್ಣೆ ಸವರಿ, ಗೋಡೆಗೆ ಒರಗಿಸಿದೆ. ಇನ್ನು ಯಾರು ಬಂದರೂ ಇಲ್ಲ ಎಂದು ತೀರ್ಮಾನ ಮಾಡಿದೆ. ಬಂದರು, ಇಲ್ಲ ಎಂದೆ. ಆ ಮಾತು ಬಾಯಿಂದ ಈಚೆಗೆ ಬಂದದ್ದು ನೋಡಿ ಯಜಮಾನರು ನನ್ನ ಹಣೆ ಮುಟ್ಟಿ ಜ್ವರವೇ ಎಂದು ನೋಡಿದರು. ಸುದ್ದಿ ಹರಡಿತು. ಜನ ಬರುವುದು ನಿಂತಿತು. ಜಗಲಿ ಬರಿದಾಯಿತು. ಮಣೆ ಇತ್ತು, ಅಣ್ಣ ಇರಲಿಲ್ಲ, ಅಣ್ಣ ಹೇಗಿದ್ದಾನೆಂದು ಕೇಳುವವರೂ ಇರಲಿಲ್ಲ. ಒಲೆ ಊದುವಾಗ, ಕಸ ಗುಡಿಸುವಾಗ, ತಲೆ ಎತ್ತಿದರೆ ಆ ಪಟ್ಟೆಗಳೇ ಕಾಣುತ್ತಿದ್ದವು. ಯಾರೂ ಕೂರದ ಮಣೆಯಷ್ಟು ದೊಡ್ಡ ವಸ್ತು ಮನೆಯಲ್ಲಿ ಇನ್ನೊಂದಿಲ್ಲವೆಂದು ನನಗೆ ಆಗ ತಿಳಿಯಿತು. ಯಜಮಾನರು ಒಂದು ದಿನ ತಾವೇ, "ಲೇ, ನಿಮ್ಮಣ್ಣ ಹೆಂಗವ್ನೆ?" ಎಂದು ಕೇಳಿದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ಆದರೆ ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದರು.

ಕೆಲವು ತಿಂಗಳ ಹಿಂದೆ ನೆಲಮಂಗಲದ ಕಡೆಯಿಂದ ಒಬ್ಬ ಹೆಂಗಸು ಬಂದಳು. ಗುರುತಿಲ್ಲ, ಪರಿಚಯವಿಲ್ಲ. ಜಗಲಿಯ ತುದಿಯಲ್ಲಿ ಕೂತು, "ನಿಮ್ಮಣ್ಣಯ್ಯ ಬಂದು ಹೋದ್ರಂತಲ್ಲಮ್ಮ? ಚೆನ್ನಾಗವ್ರಾ? ಸ್ವಲ್ಪ ಸೊರಗವ್ರೆ ಅಂತ ಯಾರೋ ಅಂದ್ರು" ಎಂದಳು. ನಾನು ಕಾಫಿಗೆ ಇಟ್ಟೆ. ಇಷ್ಟು ಸಾಕಲ್ಲ, ಮಿಕ್ಕದ್ದು ನಿಮಗೇ ಗೊತ್ತು. ಅವಳ ಮಗಳ ಹಸೆ ಮುಗಿದು, ಮಣೆ ಅಲ್ಲಿಂದ ದಾಬಸ್‌ಪೇಟೆಯ ಕಡೆ ಹೋಯಿತೆಂದು ಕೇಳಿದೆ. ಅಲ್ಲಿಂದ ಮುಂದಿನದು ತಿಳಿಯದು. ನಿನ್ನೆ ಅಣ್ಣನ ಸಾಮಿಲ್ಲಿನವರೊಬ್ಬರು ರಜದ ಮೇಲೆ ಬಂದವರು ದಾರಿಯಲ್ಲಿ ಸಿಕ್ಕಿ, "ಕೆಂಪಣ್ಣನೂ ಮುಂದಿನ ಹಡಗಿಗೆ ಬರ್ತಾವ್ನೆ. ಈ ಸಲ ತಿರುಗಿ ಹೋಗೋದು ಅನುಮಾನ" ಎಂದರು. ಕೇಳಿದಾಗಿನಿಂದ ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ. ಅದಕ್ಕೇ ಇಷ್ಟೆಲ್ಲ ಬರೆದದ್ದು. ನಿಮ್ಮ ಕಡೆ ಎಲ್ಲಾದರೂ ಬೂದು ಮೈಯ, ಕಪ್ಪು ಪಟ್ಟೆಯ, ನೀರಿಗೆ ಬಿಟ್ಟರೆ ಮುಳುಗುವ ಒಂದು ಮಣೆ ಕಂಡರೆ ದಯವಿಟ್ಟು ನನಗೆ ಹೇಳಿ ಕಳಿಸಿ. ಅದರ ಮೇಲೆ ಯಾರಾದರೂ ಕೂತಿದ್ದರೆ ಎಬ್ಬಿಸಬೇಡಿ, ಅವರ ಊಟ ಮುಗಿಯಲಿ. ನೀವೇ ಬಂದು ಹೇಳುವುದಾದರೆ ಇನ್ನೂ ಒಳ್ಳೆಯದು. ಆದರೆ ಬಂದವರು ಅವಸರ ಮಾಡಬಾರದು, ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂರಬೇಕು. ಅಣ್ಣನ ವಿಚಾರ ಹೇಳುವುದು ಇನ್ನೂ ಬಹಳ ಇದೆ.